ಬೆಳಿಗ್ಗೆ ಸೆಲ್ಫ್ ಎತ್ತದ ಕಾರು: ಇನ್ನೊಂದು ಬ್ಯಾಟರಿ ಕೊಳ್ಳುವ ಮುಂಚೆ ಕರೆಂಟ್ ಎಲ್ಲಿಗೆ ಹೋಗ್ತಿದೆ ಅಂತ ನೋಡಿ

ಪ್ರಶ್ನೆ: ನನ್ನದು ಆರು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ರಾತ್ರಿ ಚೆನ್ನಾಗಿ ಓಡಿಸಿಕೊಂಡು ಬಂದು ನಿಲ್ಲಿಸಿದರೂ ಬೆಳಿಗ್ಗೆ ಸೆಲ್ಫ್ ಎತ್ತುವುದಿಲ್ಲ, ಬರೀ ಟಕ್ ಟಕ್ ಶಬ್ದ. ಬ್ಯಾಟರಿ ಹಳೇದಾಗಿದೆ ಅಂತ ನಾಲ್ಕು ತಿಂಗಳ ಹಿಂದೆ ಹೊಸ 35 ಎಎಚ್ ಬ್ಯಾಟರಿ ಹಾಕಿಸಿದೆ. ಸ್ವಲ್ಪ ದಿನ ಸರಿಯಿತ್ತು, ಆಮೇಲೆ ಮತ್ತೆ ಅದೇ ಕಥೆ. ಒಬ್ಬ ಮೆಕ್ಯಾನಿಕ್ ಬ್ಯಾಟರಿಯೇ ಡಿಫೆಕ್ಟ್ ಅಂತಾರೆ, ಇನ್ನೊಬ್ಬರು ಆಲ್ಟರ್ನೇಟರ್ ಬದಲಿಸಿ ಅಂತಾರೆ. ಸದ್ಯಕ್ಕೆ ರಾತ್ರಿ ಮೈನಸ್ ಟರ್ಮಿನಲ್ ಬಿಚ್ಚಿಟ್ಟು ಮಲಗುತ್ತೇನೆ. ಹಾಗೆ ಮಾಡಿದ ದಿನ ಬೆಳಿಗ್ಗೆ ಸ್ಟಾರ್ಟ್ ಆಗುತ್ತೆ. ವರ್ಷದ ಹಿಂದೆ ಹೊರಗಡೆ ಅಂಗಡಿಯಲ್ಲಿ ಆಂಡ್ರಾಯ್ಡ್ ಸ್ಕ್ರೀನು, ರಿವರ್ಸ್ ಕ್ಯಾಮೆರಾ ಹಾಕಿಸಿದ್ದೆ. ಏನು ಮಾಡಲಿ?

ಉತ್ತರ: ಅರ್ಧ ಪರೀಕ್ಷೆ ನೀವೇ ಮಾಡಿ ಮುಗಿಸಿದ್ದೀರಿ. ಟರ್ಮಿನಲ್ ಬಿಚ್ಚಿಟ್ಟ ದಿನ ಸ್ಟಾರ್ಟ್ ಆಗುತ್ತೆ, ಬಿಚ್ಚದ ದಿನ ಆಗಲ್ಲ ಅಂದಿರಲ್ಲ, ಇಡೀ ಪತ್ರದಲ್ಲಿ ಮುಖ್ಯವಾದ ಮಾತು ಅದೇ. ಬ್ಯಾಟರಿಯೇ ಕೆಟ್ಟಿದ್ದರೆ ವೈರ್ ಬಿಚ್ಚಿಟ್ಟರೂ ಬೆಳಿಗ್ಗೆ ಅದು ಸತ್ತೇ ಇರುತ್ತಿತ್ತು. ಆಲ್ಟರ್ನೇಟರ್, ಅಂದರೆ ಇಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಯಂತ್ರ, ಕೆಟ್ಟು ಹಗಲು ಚಾರ್ಜೇ ಆಗದಿದ್ದರೂ ಅಷ್ಟೇ. ಅಂದರೆ ಬ್ಯಾಟರಿ ಕರೆಂಟ್ ಹಿಡಿದಿಟ್ಟುಕೊಳ್ಳುತ್ತಿದೆ, ಕಾರಿನೊಳಗೆ ಯಾವುದೋ ಒಂದು ರಾತ್ರಿಯೆಲ್ಲಾ ಅದನ್ನು ಕುಡಿಯುತ್ತಿದೆ. ಇನ್ನೊಂದು ಬ್ಯಾಟರಿ ಕೊಂಡರೆ ಅದೂ ಕೆಲವೇ ತಿಂಗಳಲ್ಲಿ ಇದೇ ದಾರಿ ಹಿಡಿಯುತ್ತೆ. ದಯವಿಟ್ಟು ಈಗಲೇ ಕೊಳ್ಳಬೇಡಿ.

ಮೊದಲು ಒಂದು ಲೆಕ್ಕ ಹಾಕೋಣ. ಈ ಲೆಕ್ಕ ಗೊತ್ತಿದ್ದರೆ ಯಾವ ಮೆಕ್ಯಾನಿಕ್ ಏನು ಹೇಳಿದರೂ ನೀವೇ ತೂಗಿ ನೋಡಬಹುದು.

ಕೀ ತೆಗೆದು ಲಾಕ್ ಮಾಡಿದ ಮೇಲೂ ಕಾರು ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತೆ. ಗಡಿಯಾರ, ರಿಮೋಟ್ ಲಾಕ್, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಮೆಮೊರಿ, ಇವಕ್ಕೆಲ್ಲಾ ಸೇರಿ 20ರಿಂದ 50 ಮಿಲಿಆಂಪಿಯರ್. ಇದು ಮಾಮೂಲು. 50 ಅಂತಲೇ ಇಟ್ಟುಕೊಂಡರೂ ಹತ್ತು ಗಂಟೆಗೆ ಅರ್ಧ ಎಎಚ್ (ಆಂಪಿಯರ್ ಅವರ್, ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಎಎಚ್) ಹೋಗುತ್ತೆ, ನಿಮ್ಮ 35ರಲ್ಲಿ ಅದು ಲೆಕ್ಕಕ್ಕೇ ಇಲ್ಲ. (ಆದರೆ ಅದೇ 50 ಮಿಲಿಆಂಪಿಯರ್ ಒಂದು ತಿಂಗಳಿಗೆ 36 ಎಎಚ್ ಆಗುತ್ತೆ. ತಿಂಗಳುಗಟ್ಟಲೆ ಊರಿಗೆ ಹೋಗುವವರ ಕಾರು ಯಾವ ತೊಂದರೆ ಇಲ್ಲದೆಯೂ ಬ್ಯಾಟರಿ ಡೌನ್ ಆಗಿ ನಿಲ್ಲುವುದು ಇದಕ್ಕೇ. ಅಂಥವರು ಟರ್ಮಿನಲ್ ಬಿಚ್ಚಿಟ್ಟು ಹೋಗುವುದು ಸರಿ.)

ಈಗ ನಿಮ್ಮ ಕಾರಿಗೆ ಬನ್ನಿ. ಚೆನ್ನಾಗಿರುವ, ಫುಲ್ ಚಾರ್ಜ್ ಆದ 35 ಎಎಚ್ ಬ್ಯಾಟರಿ ಒಂದೇ ರಾತ್ರಿಯಲ್ಲಿ ಸೆಲ್ಫ್ ಎತ್ತದ ಸ್ಥಿತಿಗೆ ಬರಬೇಕಾದರೆ ಕಡಿಮೆ ಅಂದರೂ ಅರ್ಧದಷ್ಟು, ಅಂದರೆ ಹದಿನೇಳು ಎಎಚ್ ಖಾಲಿಯಾಗಬೇಕು. ಹತ್ತು ಗಂಟೆಯಲ್ಲಿ ಅಷ್ಟು ಹೋಗಬೇಕಾದರೆ 1.7 ಆಂಪಿಯರ್ ಹರಿಯಬೇಕು. 12 ವೋಲ್ಟಿಗೆ ಅದು ಸುಮಾರು 20 ವ್ಯಾಟ್. ಒಂದು ಬ್ರೇಕ್ ಲೈಟ್ ಬಲ್ಬ್ 21 ವ್ಯಾಟ್. ಅಂದರೆ ಒಂದು ಬ್ರೇಕ್ ಲೈಟ್ ರಾತ್ರಿಯೆಲ್ಲಾ ಉರಿದಷ್ಟು ಕರೆಂಟ್! ಇದು ಸಣ್ಣ ಲೀಕ್ ಅಲ್ಲ. ಗ್ಲೋವ್ ಬಾಕ್ಸಿನ 5 ವ್ಯಾಟ್ ಬಲ್ಬ್ ಬೆಳಗಿನವರೆಗೆ ಉರಿದರೂ ಹೋಗುವುದು ನಾಲ್ಕು ಎಎಚ್ ಅಷ್ಟೇ, ಹೊಸ ಬ್ಯಾಟರಿ ಅದನ್ನು ತಡೆದುಕೊಂಡು ಬೆಳಿಗ್ಗೆ ಇಂಜಿನ್ ಎಬ್ಬಿಸುತ್ತೆ.

ಆದರೆ ಇಲ್ಲೊಂದು ತೊಡಕಿದೆ. ನಿಮ್ಮ ಬ್ಯಾಟರಿ ಹೆಸರಿಗೆ ನಾಲ್ಕು ತಿಂಗಳದ್ದು. ಇಷ್ಟರಲ್ಲಿ ಅದು ಎಷ್ಟು ಸಲ ಪೂರ್ತಿ ಡೌನ್ ಆಗಿದೆಯೋ ಏನೋ. ಕಾರಿನ ಬ್ಯಾಟರಿ ಇನ್ವರ್ಟರ್ ಬ್ಯಾಟರಿ ಥರ ಅಲ್ಲ. ಎರಡು ಮೂರು ಸೆಕೆಂಡು ಜೋರಾಗಿ ಕರೆಂಟ್ ಕೊಟ್ಟು, ತಕ್ಷಣ ಮತ್ತೆ ತುಂಬಿಸಿಕೊಳ್ಳಲು ಮಾಡಿದ್ದು. ಪದೇ ಪದೇ ಖಾಲಿಯಾಗಿ ಹಾಗೇ ನಿಂತರೆ ಒಳಗಿನ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಗಟ್ಟಿಯಾಗಿ ಕೂರುತ್ತೆ. ಅದು ಮತ್ತೆ ಸುಲಭಕ್ಕೆ ಕರಗಲ್ಲ, ಅಷ್ಟು ಜಾಗ ಕೆಲಸಕ್ಕೆ ಬಾರದೆ ಹೋಗುತ್ತೆ. ಮೊದಲು ಸ್ವಲ್ಪ ದಿನ ಸರಿಯಿದ್ದು ಆಮೇಲೆ ತೊಂದರೆ ಶುರುವಾಗಿದ್ದಕ್ಕೆ ಇದೂ ಕಾರಣ ಇರಬಹುದು. ಲೀಕ್ ಮೊದಲಿನಿಂದಲೂ ಇತ್ತು, ಹೊಸದರಲ್ಲಿ ಬ್ಯಾಟರಿಗೆ ತಡೆಯುವ ಶಕ್ತಿ ಇತ್ತು, ಈಗ ಇಲ್ಲ. ಹಾಗಾಗಿ ನಿಮ್ಮ ಲೀಕ್ ಅರ್ಧ ಆಂಪಿಯರ್‌ನಿಂದ ಎರಡು ಮೂರು ಆಂಪಿಯರ್‌ವರೆಗೆ ಎಲ್ಲಿ ಬೇಕಾದರೂ ಇರಬಹುದು. ಅಳೆದೇ ನೋಡಬೇಕು.

ಅಳೆಯೋಕೆ ಒಂದು ಡಿಜಿಟಲ್ ಮಲ್ಟಿಮೀಟರ್ ಸಾಕು. ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಕಡೆ, ಇಲ್ಲವೇ ನಿಮ್ಮೂರಿನ ಯಾವುದೇ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತೆ. 10 ಆಂಪಿಯರ್ ಡಿಸಿ ಅಳೆಯುವ ಸಾಕೆಟ್ ಇರುವುದನ್ನೇ ಕೇಳಿ ತಗೊಳ್ಳಿ. ಜೊತೆಗೆ ಮೊಸಳೆ ಬಾಯಿಯ ಥರದ ಎರಡು ಕ್ಲಿಪ್ ವೈರ್.

ಮೊದಲು ಬ್ಯಾಟರಿಯನ್ನು ಚಾರ್ಜರ್‌ಗೆ ಹಾಕಿ ಪೂರ್ತಿ ತುಂಬಿಸಿ. 35 ಎಎಚ್‌ಗೆ ಮೂರೂವರೆ ಆಂಪಿಯರ್‌ನಲ್ಲಿ ಹತ್ತು ಹನ್ನೆರಡು ಗಂಟೆ ಬೇಕು. ಇಂಜಿನ್ ಹದಿನೈದು ನಿಮಿಷ ಐಡಲ್ ಬಿಟ್ಟರೆ ಚಾರ್ಜ್ ಆಗುತ್ತೆ ಅನ್ನೋದು ದೊಡ್ಡ ತಪ್ಪು ತಿಳಿವಳಿಕೆ. ಸತ್ತ ಬ್ಯಾಟರಿ ಅಷ್ಟಕ್ಕೆಲ್ಲಾ ತುಂಬಲ್ಲ. ತುಂಬಿಸಿದ ಮೇಲೆ ಟರ್ಮಿನಲ್ ಬಿಚ್ಚಿಟ್ಟು ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ವೋಲ್ಟೇಜ್ ನೋಡಿ. 12.6 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಫುಲ್. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12ಕ್ಕೆ ಬಂದರೆ ಕಾಲು ಭಾಗ ಅಂತ ಲೆಕ್ಕ. ಫುಲ್ ಚಾರ್ಜ್ ಮಾಡಿಯೂ 10.5ರ ಆಸುಪಾಸು ತೋರಿಸಿದರೆ ಆರು ಸೆಲ್‌ಗಳಲ್ಲಿ ಒಂದು ಶಾರ್ಟ್ ಆಗಿದೆ, ಅದು ವಾರಂಟಿ ಕೇಸು. ಆಮೇಲೆ ಟರ್ಮಿನಲ್ ಹಾಕಿ, ಯಾರಾದರೂ ಸೆಲ್ಫ್ ಹೊಡೆಯುವಾಗ ನೀವು ಮೀಟರ್ ನೋಡುತ್ತಿರಿ. 9.6ಕ್ಕಿಂತ ಕೆಳಗೆ ಬೀಳಬಾರದು. ಇಂಜಿನ್ ಓಡುವಾಗ 13.8ರಿಂದ 14.5ರ ಒಳಗಿದ್ದರೆ ಚಾರ್ಜಿಂಗ್ ಸರಿಯಿದೆ. ಹೆಡ್‌ಲೈಟ್, ಎಸಿ ಎರಡೂ ಹಾಕಿ ನೋಡಿ, ಆಗಲೂ 13.5ರ ಹತ್ತಿರ ನಿಲ್ಲಬೇಕು. ಈಚಿನ ಕೆಲವು ಕಾರುಗಳಲ್ಲಿ ಇಂಧನ ಉಳಿಸಲು ಆಲ್ಟರ್ನೇಟರನ್ನು ಕಂಪ್ಯೂಟರೇ ಏರಿಳಿಸುತ್ತೆ, ಅಂಥವುಗಳಲ್ಲಿ ಕಡಿಮೆ ತೋರಿಸಿದ ತಕ್ಷಣ ಗಾಬರಿ ಬೇಡ.

ಈಗ ಲೀಕ್ ಅಳೆಯೋದು. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಹೆಚ್ಚಿನವರು ಎಡವುವುದು ಇಲ್ಲೇ.

ಕೀ ತೆಗೆದು ಪಾಕೆಟ್‌ನಲ್ಲಿ ಇಟ್ಟುಕೊಳ್ಳಬೇಡಿ, ಮನೆಯೊಳಗೆ ಇಟ್ಟು ಬನ್ನಿ. ಪುಷ್ ಬಟನ್ ಕಾರಾದರೆ ಕೀ ಹತ್ತಿರ ಇದ್ದಷ್ಟು ಹೊತ್ತೂ ಕಾರು ಎಚ್ಚರವಾಗೇ ಇರಬಹುದು. ಬಾನೆಟ್ ತೆರೆದಿಡಿ. ಒಳಗಿನ ಫ್ಯೂಸ್ ಬಾಕ್ಸ್ ನೋಡಬೇಕಾಗುತ್ತೆ, ಹಾಗಾಗಿ ಡ್ರೈವರ್ ಬಾಗಿಲೂ ತೆರೆದೇ ಇರಲಿ. ಆದರೆ ಬಾಗಿಲಿನ ಲಾಚನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದ ಸ್ಥಿತಿಗೆ ತನ್ನಿ. ಲಾಚಿನ ಬದಲು ಬಾಗಿಲ ಕಂಬದಲ್ಲಿ ರಬ್ಬರ್ ಟೋಪಿಯ ಸ್ವಿಚ್ ಇದ್ದರೆ ಅದನ್ನು ಒತ್ತಿಹಿಡಿದು ಟೇಪ್ ಹಾಕಿ. ಆಗ ಬಾಗಿಲು ಹಾಕಿದೆ ಅಂತ ಕಾರು ತಿಳಿಯುತ್ತೆ. ಆಮೇಲೆ ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ಸಾಕೆಟ್‌ಗೆ ಹಾಕಿ, ಡಯಲ್ ಕೂಡ ಅದಕ್ಕೇ ತಿರುಗಿಸಿ. ಒಂದು ಕ್ಲಿಪ್ಪನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ ಕಚ್ಚಿಸಿ, ಇನ್ನೊಂದನ್ನು ಮೈನಸ್ ಕೇಬಲ್ಲಿನ ಟರ್ಮಿನಲ್‌ಗೆ ಕಚ್ಚಿಸಿ. ಎರಡೂ ಗಟ್ಟಿಯಾಗಿ ಕೂತ ಮೇಲೆ 10 ನಂಬರ್ ಸ್ಪ್ಯಾನರ್ ಹಾಕಿ ಟರ್ಮಿನಲ್ ಸಡಿಲಿಸಿ ನಿಧಾನಕ್ಕೆ ಮೇಲೆತ್ತಿ. ಹೀಗೆ ಮಾಡಿದರೆ ಸಂಪರ್ಕ ಒಂದು ಕ್ಷಣವೂ ಕಡಿಯಲ್ಲ, ಕಾರು ಎಚ್ಚರವಾಗಲ್ಲ. ಪ್ಲಸ್ ಕಡೆ ಈ ಕೆಲಸ ಮಾಡಬೇಡಿ, ಸ್ಪ್ಯಾನರ್ ಕಾರಿನ ಮೈಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತೆ. ಮೀಟರ್ ಸಿಕ್ಕಿಸಿದಾಗ ಯಾವ ಕಾರಣಕ್ಕೂ ಸೆಲ್ಫ್ ಹೊಡೆಯಬೇಡಿ. ನೂರು ಆಂಪಿಯರ್ ದಾಟುವ ಕರೆಂಟ್ ಅದು, ಮೀಟರಿನ ಫ್ಯೂಸ್ ಅಥವಾ ಮೀಟರೇ ಆ ಕ್ಷಣ ಹೋಗುತ್ತೆ. ಹೆಡ್‌ಲೈಟ್, ಬ್ಲೋವರ್ ಕೂಡ ಹಾಕಬೇಡಿ.

ಮೀಟರ್ ಮೊದಲು ಜಾಸ್ತಿಯೇ ತೋರಿಸುತ್ತೆ. ಸುಮ್ನೆ ಬಿಟ್ಟುಬಿಡಿ. ಒಂದೊಂದೇ ಮಾಡ್ಯೂಲ್ (ಕಾರಿನೊಳಗಿನ ಸಣ್ಣ ಕಂಪ್ಯೂಟರ್) ನಿದ್ದೆಗೆ ಹೋಗುತ್ತಾ ಬರುತ್ತೆ, ಕೆಲವು ಕಾರುಗಳಲ್ಲಿ ಇದಕ್ಕೆ ಅರ್ಧ ಗಂಟೆಗೂ ಮೀರಿ ಬೇಕು. ಐದು ನಿಮಿಷಕ್ಕೇ ನೋಡಿ "ಲೀಕೇಜ್ ಇದೆ ಸಾರ್" ಅನ್ನುವವರನ್ನು ನಂಬಬೇಡಿ. ಮುಕ್ಕಾಲು ಗಂಟೆ ಆದ ಮೇಲೆ 0.05 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಾರು ಸರಿಯಿದೆ. 0.1 ದಾಟಿದರೆ ಹುಡುಕಬೇಕು. ನಿಮ್ಮದು 0.5ರಿಂದ ಮೇಲೆಯೇ ಬರುತ್ತೆ ಅಂತ ನನ್ನ ಅಂದಾಜು.

ಎಲ್ಲಿ ಅಂತ ಹುಡುಕೋಕೆ ಎಲ್ಲರೂ ಫ್ಯೂಸ್‌ಗಳನ್ನು ಒಂದೊಂದೇ ಕಿತ್ತು ನೋಡುತ್ತಾರೆ. ಹಳೇ ಕಾರಿಗೆ ಅದು ಆಗುತ್ತೆ. ಈಗಿನ ಕಾರುಗಳಲ್ಲಿ ಫ್ಯೂಸ್ ಕಿತ್ತು ಮತ್ತೆ ಹಾಕಿದ ಕೂಡಲೇ ನಿದ್ದೆಯಲ್ಲಿದ್ದ ಮಾಡ್ಯೂಲ್ ಎದ್ದು ಕೂರುತ್ತೆ, ಲೆಕ್ಕವೆಲ್ಲಾ ಕಲಸುಮೇಲೋಗರ. ಅದಕ್ಕಿಂತ ಒಳ್ಳೇ ದಾರಿ ಒಂದಿದೆ. ಇನ್ನೊಂದು ಮೀಟರ್ ಇದ್ದರೆ ಅದನ್ನು ತಗೊಳ್ಳಿ. ಇಲ್ಲದಿದ್ದರೆ ಮೊದಲು ಟರ್ಮಿನಲ್ಲನ್ನು ಕಂಬಕ್ಕೆ ಗಟ್ಟಿಯಾಗಿ ಕೂರಿಸಿ, ಆಮೇಲೆ ಮೀಟರಿನ ಕ್ಲಿಪ್ ಬಿಡಿಸಿ, ಕೆಂಪು ವೈರನ್ನು ವೋಲ್ಟ್ ಸಾಕೆಟ್‌ಗೆ ಬದಲಿಸಿ. ಈಗ ಮಿಲಿವೋಲ್ಟ್ ಡಿಸಿಗೆ ಇಡಿ. ಪ್ರತಿ ಫ್ಯೂಸಿನ ತಲೆಯ ಮೇಲೆ ಎರಡು ಸಣ್ಣ ಲೋಹದ ಚುಕ್ಕೆ ಕಾಣುತ್ತಲ್ಲ, ಮೀಟರಿನ ಎರಡು ಮೊನೆಯನ್ನು ಆ ಎರಡು ಚುಕ್ಕೆಗೆ ಇಟ್ಟು ನೋಡಿ. ಫ್ಯೂಸನ್ನು ಕೀಳಲೇಬೇಡಿ. ಸೊನ್ನೆ ಬಂದರೆ ಅದರಲ್ಲಿ ಕರೆಂಟ್ ಹರಿಯುತ್ತಿಲ್ಲ. ಏನಾದರೂ ಬಂದರೆ ಹರಿಯುತ್ತಿದೆ. 10 ಆಂಪಿಯರ್‌ನ ಸಣ್ಣ ಫ್ಯೂಸ್ ಮೇಲೆ 10 ಮಿಲಿವೋಲ್ಟ್ ಕಂಡರೆ ಒಂದು ಆಂಪಿಯರ್‌ಗಿಂತ ಜಾಸ್ತಿ ಹರಿಯುತ್ತಿದೆ ಅಂತ ತಿಳಿಯಿರಿ. ಇಂಜಿನ್ ಕಡೆಯ ಫ್ಯೂಸ್ ಬಾಕ್ಸು, ಡ್ಯಾಶ್‌ಬೋರ್ಡ್ ಕೆಳಗಿನದು, ಎರಡನ್ನೂ ಹೀಗೆ ಮುಗಿಸಬಹುದು. ಯಾವ ಫ್ಯೂಸ್ ಸಿಕ್ಕಿತೋ ಅದರ ಹೆಸರು ಮುಚ್ಚಳದ ಮೇಲೇ ಬರೆದಿರುತ್ತೆ.

ನಿಮ್ಮ ಕಾರಿನಲ್ಲಿ ನನ್ನ ಮೊದಲ ಅನುಮಾನ ಆ ಆಂಡ್ರಾಯ್ಡ್ ಸ್ಕ್ರೀನ್ ಮೇಲೆ. ಹೊರಗಿನಿಂದ ಹಾಕಿಸಿದ ಸ್ಟೀರಿಯೋಗೆ ಹಳದಿ, ಕೆಂಪು ಅಂತ ಎರಡು ಮುಖ್ಯ ವೈರ್ ಬರುತ್ತವೆ. ಹಳದಿಗೆ ಯಾವಾಗಲೂ ಬ್ಯಾಟರಿ ಕರೆಂಟ್ ಇರಬೇಕು, ಮೆಮೊರಿಗೋಸ್ಕರ. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ ಬರಬೇಕು. ಕೀ ತೆಗೆದಾಗ ಕೆಂಪಿನಲ್ಲಿ ಕರೆಂಟ್ ನಿಂತರೆ ತಾನೇ ಸ್ಕ್ರೀನಿಗೆ ಮಲಗಬೇಕು ಅಂತ ಗೊತ್ತಾಗುವುದು? ಆತುರದಲ್ಲಿ ಕೆಲಸ ಮಾಡುವವರು ಎರಡನ್ನೂ ಸೇರಿಸಿ ಹಳದಿಗೇ ಸುತ್ತಿ ಟೇಪ್ ಹೊಡೆದುಬಿಡುತ್ತಾರೆ. ಸ್ಕ್ರೀನ್ ಮೇಲಿನ ಬಟನ್ ಒತ್ತಿ ನೀವು ಆಫ್ ಮಾಡುತ್ತೀರಿ, ಡಿಸ್‌ಪ್ಲೇ ಕಪ್ಪಾಗುತ್ತೆ, ಒಳಗೆ ಪ್ರೊಸೆಸರ್ ಮಾತ್ರ ಬೆಳಗಿನವರೆಗೂ ಓಡುತ್ತಲೇ ಇರುತ್ತೆ. ರಾತ್ರಿ ಕಾರು ನಿಲ್ಲಿಸಿ ಎರಡು ಗಂಟೆ ಬಿಟ್ಟು ಹೋಗಿ ಸ್ಕ್ರೀನಿನ ಗಾಜಿನ ಮೇಲೆ ಕೈಯಿಟ್ಟು ನೋಡಿ, ಇನ್ನೂ ಬೆಚ್ಚಗಿದ್ದರೆ ಕಳ್ಳ ಸಿಕ್ಕಿದ. ಅದರ ಹಿಂದಿನ ಕಪ್ಲರ್ ಬಿಚ್ಚಿಟ್ಟು ಒಂದು ರಾತ್ರಿ ಬಿಟ್ಟು ನೋಡಿದರೆ ಮೀಟರ್ ಇಲ್ಲದೆಯೂ ಖಾತ್ರಿಯಾಗುತ್ತೆ. ರಿವರ್ಸ್ ಕ್ಯಾಮೆರಾ ವೈರನ್ನೂ ಹಾಗೇ ನೋಡಿ. ಅದು ರಿವರ್ಸ್ ಲೈಟಿನಿಂದ ಕರೆಂಟ್ ತಗೋಬೇಕು, ಯಾವಾಗಲೂ ಕರೆಂಟ್ ಇರುವ ಲೈನಿನಿಂದ ತಗೊಂಡಿದ್ದರೆ ಅದೂ ಒಂದು ಲೀಕೇ. ಸರಿಮಾಡಿಸೋದು ಅಂದರೆ ಕೆಂಪು ವೈರನ್ನು ಕೀ ಆನ್ ಆದಾಗ ಮಾತ್ರ ಜೀವ ಬರುವ ಲೈನಿಗೆ, ನಡುವೆ ಒಂದು ಫ್ಯೂಸ್ ಹಾಕಿ ಸೇರಿಸುವುದು. ಸಣ್ಣ ಕೆಲಸ, ಒಳ್ಳೇ ಆಟೋ ಎಲೆಕ್ಟ್ರಿಷಿಯನ್ ಬೇಗ ಮುಗಿಸುತ್ತಾರೆ.

ಡ್ಯಾಶ್‌ಕ್ಯಾಮ್ ಪಾರ್ಕಿಂಗ್ ಮೋಡ್, ಮೆಕ್ಯಾನಿಕ್‌ಗಳು ಸ್ಕ್ಯಾನರ್ ಹಾಕುವ ಓಬಿಡಿ ಸಾಕೆಟ್‌ಗೆ ಸಿಕ್ಕಿಸುವ ಡಾಂಗಲ್, ಜಿಪಿಎಸ್ ಟ್ರ್ಯಾಕರ್, ಡಿಕ್ಕಿಯ ಆಂಪ್ಲಿಫೈಯರ್, ಇವು ಯಾವುದಿದ್ದರೂ ಒಂದು ರಾತ್ರಿ ತೆಗೆದಿಟ್ಟು ನೋಡಿ. ಫಾಸ್ಟ್ಯಾಗ್ ಬಗ್ಗೆಯೂ ಕೆಲವರು ಕೇಳುತ್ತಾರೆ, ಅದಕ್ಕೂ ಬ್ಯಾಟರಿಗೂ ಸಂಬಂಧವೇ ಇಲ್ಲ, ಅದು ಬರೀ ಗಾಜಿಗೆ ಅಂಟಿದ ಸ್ಟಿಕ್ಕರ್.

ಸ್ಕ್ರೀನ್ ತಪ್ಪಿಲ್ಲ ಅಂತಾದರೆ ಬ್ರೇಕ್ ಪೆಡಲ್ ಹತ್ತಿರ ಬಗ್ಗಿ ನೋಡಿ. ಪೆಡಲಿನ ಮೇಲ್ಭಾಗದ ಪಟ್ಟಿಯಲ್ಲಿ ಗುಂಡಿಯಷ್ಟು ಸಣ್ಣ ರಬ್ಬರ್ ಅಥವಾ ಪ್ಲಾಸ್ಟಿಕ್ ಸ್ಟಾಪರ್ ಇರುತ್ತೆ, ಬ್ರೇಕ್ ಸ್ವಿಚ್ಚಿನ ಕಡ್ಡಿ ಅದರ ಮೇಲೆ ಒತ್ತಿ ನಿಲ್ಲುತ್ತೆ. ಬಿಸಿಲಿಗೆ, ವಯಸ್ಸಿಗೆ ಅದು ಪುಡಿಯಾಗಿ ಉದುರಿಹೋಗುತ್ತೆ. ಆಮೇಲೆ ಕಡ್ಡಿ ನೇರ ತೂತಿನೊಳಗೆ ನುಗ್ಗಿ, ಕಾಲಿಡದಿದ್ದರೂ ಬ್ರೇಕ್ ಒತ್ತಿದ ಹಾಗೇ ಆಗುತ್ತೆ. ಎರಡು ಬ್ರೇಕ್ ಲೈಟ್ ಸೇರಿ 42 ವ್ಯಾಟ್, ಮೂರೂವರೆ ಆಂಪಿಯರ್. ಹತ್ತು ಗಂಟೆಯಲ್ಲಿ ನಿಮ್ಮ ಬ್ಯಾಟರಿ ಪೂರ್ತಿ ಖಾಲಿ. ಕಾಲು ಹಾಕುವ ಜಾಗದ ಮ್ಯಾಟ್ ಮೇಲೆ ಪ್ಲಾಸ್ಟಿಕ್ ಚೂರು ಬಿದ್ದಿದ್ದರೆ ಅದನ್ನು ಕಸ ಅಂತ ಎಸೆಯುವ ಮುಂಚೆ ಒಮ್ಮೆ ಕಾರಿನ ಹಿಂದೆ ಹೋಗಿ ನೋಡಿ. ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸುವವರಿಗೆ ಇದು ಗೊತ್ತಾಗುವುದೇ ಇಲ್ಲ.

ಡಿಕ್ಕಿ ಲೈಟು ಮುಚ್ಚಳ ಹಾಕಿದ ಮೇಲೆ ಆರುತ್ತೋ ಇಲ್ಲವೋ ನೋಡೋಕೆ ಮೊಬೈಲ್‌ನಲ್ಲಿ ವಿಡಿಯೋ ಆನ್ ಮಾಡಿ ಒಳಗಿಟ್ಟು ಮುಚ್ಚಿ. ಗ್ಲೋವ್ ಬಾಕ್ಸಿಗೂ ಅದೇ ಉಪಾಯ. ಅಂಟಿಕೊಂಡ ರಿಲೇ (ಕರೆಂಟಿನಿಂದಲೇ ಆನ್ ಆಫ್ ಆಗುವ ಸ್ವಿಚ್) ಇದ್ದರೆ ಸುತ್ತ ಎಲ್ಲಾ ತಣ್ಣಗಿದ್ದಾಗ ಅದೊಂದೇ ಬಿಸಿಯಾಗಿರುತ್ತೆ, ಬೆರಳಿಗೇ ತಿಳಿಯುತ್ತೆ. ಮಳೆಗಾಲದಲ್ಲಿ ಬಾನೆಟ್ ಒಳಗೆ ಇಲಿ ಸೇರಿ ವೈರ್ ಕಚ್ಚುವುದು ನಮ್ಮ ಕಡೆ ಮಾಮೂಲು, ಇಂಜಿನ್ ಮೇಲೆ ಹಿಕ್ಕೆ ಕಂಡರೆ ವೈರಿಂಗ್ ಪೂರ್ತಿ ಸವರಿ ನೋಡಿಸಿ.

ಎಲ್ಲಾ ಫ್ಯೂಸ್ ಸೊನ್ನೆ ತೋರಿಸಿ, ಮೀಟರ್ ಮಾತ್ರ ಒಂದೋ ಎರಡೋ ಆಂಪಿಯರ್ ತೋರಿಸುತ್ತಿದೆಯಾ? ಹಾಗಾದರೆ ಆಲ್ಟರ್ನೇಟರ್ ಹೇಳಿದ ಮೆಕ್ಯಾನಿಕ್ ಮಾತನ್ನು ಗಂಭೀರವಾಗಿ ತಗೊಳ್ಳಿ. ಆಲ್ಟರ್ನೇಟರಿನ ದಪ್ಪ ವೈರ್ ಮುಖ್ಯ ಫ್ಯೂಸ್ ಒಂದನ್ನು ದಾಟಿ ಸೀದಾ ಬ್ಯಾಟರಿಗೆ ಬರುತ್ತೆ, ಸಣ್ಣ ಫ್ಯೂಸ್‌ಗಳ ಹತ್ತಿರ ಸುಳಿಯುವುದೇ ಇಲ್ಲ. ಒಳಗಿನ ಡಯೋಡ್‌ಗಳು ಕರೆಂಟನ್ನು ಹೊರಗೆ ಮಾತ್ರ ಬಿಡಬೇಕು, ವಾಪಸ್ ಬಿಡಬಾರದು. ಒಂದು ಡಯೋಡ್ ಹೋದರೆ ಹಗಲು ಅಷ್ಟಿಷ್ಟು ಚಾರ್ಜ್ ಮಾಡುತ್ತಲೇ ರಾತ್ರಿ ವಾಪಸ್ ಎಳೆದುಕೊಳ್ಳುತ್ತೆ. ರಾತ್ರಿಯೆಲ್ಲಾ ನಿಂತು ತಣ್ಣಗಾದ ಇಂಜಿನ್ ಪಕ್ಕದಲ್ಲಿ ಆಲ್ಟರ್ನೇಟರ್ ಒಂದೇ ಉಗುರುಬೆಚ್ಚಗಿದ್ದರೆ ಅನುಮಾನವೇ ಬೇಡ. ಮೀಟರಿನಲ್ಲೂ ನೋಡಬಹುದು. ಇಂಜಿನ್ ಓಡುವಾಗ ಮೀಟರಿನ ಡಯಲನ್ನು ಎಸಿ ವೋಲ್ಟ್‌ಗೆ ಇಟ್ಟು ಬ್ಯಾಟರಿ ಮೇಲೆ ಹಿಡಿಯಿರಿ, ಅರ್ಧ ವೋಲ್ಟ್ ದಾಟಿದರೆ ಡಯೋಡ್ ಹೋಗಿದೆ. ಆದರೆ ಇದಕ್ಕೆ ಇಡೀ ಆಲ್ಟರ್ನೇಟರ್ ಬದಲಿಸಬೇಕಿಲ್ಲ. ಡಯೋಡ್‌ಗಳು ಕೂತಿರುವ ರೆಕ್ಟಿಫೈಯರ್ ಪ್ಲೇಟ್ ಒಂದನ್ನೇ ಹಾಕಿಕೊಡುವ ಆಟೋ ಎಲೆಕ್ಟ್ರಿಷಿಯನ್‌ಗಳು ಬಹಳ ಊರುಗಳಲ್ಲಿದ್ದಾರೆ. ಬೆಂಗಳೂರಿನ ಜೆ.ಸಿ. ರೋಡ್ ಕಡೆ ಇಂಥ ಬಿಡಿಭಾಗ ವಿಚಾರಿಸಬಹುದು.

ಒಂದು ಮಾತನ್ನು ಮಾತ್ರ ಜೋರಾಗಿ ಹೇಳ್ತೀನಿ. ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು "ಇಂಜಿನ್ ನಿಲ್ಲಲಿಲ್ಲ, ಆಲ್ಟರ್ನೇಟರ್ ಸರಿಯಿದೆ" ಅಂತ ಟೆಸ್ಟ್ ಮಾಡುವವರು ಈಗಲೂ ಇದ್ದಾರೆ. ಬಿಡಬೇಡಿ. ಆ ಕ್ಷಣ ವೋಲ್ಟೇಜ್ ಒಮ್ಮೆಲೇ ಮೇಲಕ್ಕೆ ಜಿಗಿಯುತ್ತೆ, ಇಸಿಯು ಸುಟ್ಟರೆ ಅದರ ಮುಂದೆ ಬ್ಯಾಟರಿಯ ಖರ್ಚು ಏನೂ ಅಲ್ಲ. ಅಂಬಾಸಿಡರ್ ಕಾಲದ ಟೆಸ್ಟ್ ಅದು.

ರಾತ್ರಿ ಟರ್ಮಿನಲ್ ಬಿಚ್ಚಿಡುವ ಅಭ್ಯಾಸ ಸದ್ಯಕ್ಕೆ ಮುಂದುವರಿಸಿ, ಲೀಕ್ ಸಿಗುವ ತನಕ ಬ್ಯಾಟರಿಗೆ ಅದೇ ರಕ್ಷೆ. ಆದರೆ ವರ್ಷಗಟ್ಟಲೆ ಹಾಗೇ ಮಾಡಬೇಡಿ. ದಿನಾ ಸಡಿಲಿಸಿ ಬಿಗಿ ಮಾಡಿದರೆ ಟರ್ಮಿನಲ್ ಸವೆದು ಲೂಸ್ ಕನೆಕ್ಷನ್ ಶುರುವಾಗುತ್ತೆ, ಕಾರು ಕಲಿತಿಟ್ಟುಕೊಂಡ ಸೆಟ್ಟಿಂಗ್‌ಗಳೂ ಹೋಗುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಮೂಲ ಕಾರಣ ತಪ್ಪಾಗಿ ಸುತ್ತಿದ ವೈರ್ ಆಗಿದ್ದರೆ ಹಗಲು ಓಡುವಾಗಲೂ ಅದು ಅಲ್ಲೇ ಇರುತ್ತೆ. ಫ್ಯೂಸ್ ಇಲ್ಲದ ಟ್ಯಾಪಿಂಗ್ ವೈರ್ ಕಾರಿನ ಮೈಗೆ ಉಜ್ಜಿ ಬೆಂಕಿ ಹತ್ತುವ ಅಪಾಯ ನಿಜವಾದದ್ದು. ಇದನ್ನು ಮುಂದೂಡಬೇಡಿ.

ಟರ್ಮಿನಲ್ ಸುತ್ತ ಬಿಳಿ ಹಸಿರು ಪುಡಿ ಕಟ್ಟಿದ್ದರೆ ಬ್ಯಾಟರಿ ಬಿಚ್ಚಿದಾಗಲೇ ಅಡುಗೆ ಸೋಡಾ ಕಲಸಿದ ನೀರಲ್ಲಿ ಹಳೇ ಬ್ರಷ್‌ನಿಂದ ಉಜ್ಜಿ ಒರೆಸಿ, ಒಣಗಿದ ಮೇಲೆ ವ್ಯಾಸಲಿನ್ ಹಚ್ಚಿ. ಸೋಡಾ ನೀರು ಸೆಲ್ ಒಳಗೆ ಹೋಗಬಾರದು. ಮುಚ್ಚಳ ತೆರೆಯುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ. ಆಸಿಡ್ ಹಾಕಬೇಡಿ, ಮನೆಯ ಆರ್‌ಓ ನೀರೂ ಬೇಡ.

ಲೀಕ್ ಸಿಕ್ಕಿ ಸರಿಯಾದ ಮೇಲೆ ಮತ್ತೊಮ್ಮೆ ಅಳೆದು 0.05ರ ಒಳಗೆ ಬಂತಾ ನೋಡಿ, ಆಮೇಲೆಯೇ ಎಲೆಕ್ಟ್ರಿಷಿಯನ್‌ಗೆ ದುಡ್ಡು ಕೊಡಿ. ಬ್ಯಾಟರಿಯನ್ನು ಮತ್ತೆ ಫುಲ್ ಚಾರ್ಜ್ ಮಾಡಿ. ಒಂದೆರಡು ವಾರ ಮಾಮೂಲಿನಂತೆ ಓಡಿಸಿ ಬೆಳಗಿನ ವೋಲ್ಟೇಜ್ ನೋಡುತ್ತಿರಿ. 12.4ರ ಮೇಲೆ ನಿಂತರೆ ಬ್ಯಾಟರಿ ಬದುಕಿಕೊಂಡಿದೆ, ಬದಲಿಸುವುದು ಬೇಡ. ಲೀಕ್ ಹೋದ ಮೇಲೂ, ಫುಲ್ ಚಾರ್ಜ್ ಆದ ಮೇಲೂ ಸೆಲ್ಫ್ ಹೊಡೆಯುವಾಗ 9.6ರ ಕೆಳಗೆ ಬೀಳುತ್ತಿದ್ದರೆ ವಾರಂಟಿ ಕಾರ್ಡ್ ಹಿಡಿದು ಡೀಲರ್ ಹತ್ತಿರ ಹೋಗಿ. ಬರೀ ಡೌನ್ ಆದ ಬ್ಯಾಟರಿ ಒಯ್ದರೆ ಚಾರ್ಜ್ ಮಾಡಿ ವಾಪಸ್ ಕೊಡುತ್ತಾರೆ. ಹಾಗಾಗಿ ಫುಲ್ ಚಾರ್ಜ್ ಮಾಡಿಸಿ, ನನ್ನ ಎದುರಿಗೇ ಲೋಡ್ ಟೆಸ್ಟ್ (ಜೋರಾಗಿ ಕರೆಂಟ್ ಎಳೆದು ನೋಡುವ ಪರೀಕ್ಷೆ) ಮಾಡಿ ತೋರಿಸಿ ಅಂತ ಕೇಳಿ, ಬಂದ ರೀಡಿಂಗನ್ನು ಕಾರ್ಡ್ ಮೇಲೆ ಬರೆಸಿಕೊಳ್ಳಿ.